ಬಿಳಿ ಕೋಟಿನೊಳಗೆ ಮೂವತ್ತನೇ ಗಂಟೆ

ನೀಟ್ ರಿಸಲ್ಟ್ ಬಂದು ಸರ್ಕಾರಿ ಸೀಟು ಸಿಕ್ಕಾಗ ನಮ್ಮ ಓಣಿಯವರೆಲ್ಲ ಮನೆಗೆ ಬಂದು ಪೇಡಾ ತಿಂದು ಹೋಗಿದ್ದರು. ‘ಇನ್ನೇನು, ಡಾಕ್ಟರ್ ಆದಂಗ ಆತು’ ಅಂತ ಎದುರು ಮನೆಯ ಕಾಕಾ ಅಪ್ಪನ ಬೆನ್ನು ತಟ್ಟಿದ್ದರು. ನಾಲ್ಕೂವರೆ ವರ್ಷ ಓದಿ, ಪರೀಕ್ಷೆಗಳನ್ನೆಲ್ಲ ಮುಗಿಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ ಪತ್ರ ಕೈಗೆ ಬಂದ ಮೇಲೆ ಆಸ್ಪತ್ರೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಟ್ರಾಲಿ ತಳ್ಳಿದ್ದು. ಒಂದು ಗಾಲಿ ಸರಿಯಾಗಿ ತಿರುಗದ ಟ್ರಾಲಿ. ಅದರ ಮೇಲೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ. ಒಂದು ಬದಿ ನಾನು, ಇನ್ನೊಂದು ಬದಿ ಅವನ ಮಾವ. ಸಿಟಿ ಸ್ಕ್ಯಾನ್ ಕೋಣೆ ಇನ್ನೊಂದು ಕಟ್ಟಡದಲ್ಲಿತ್ತು.

ಇದನ್ನು ಅವಮಾನ ಅಂತ ಹೇಳುತ್ತಿಲ್ಲ. ಆ ಹುಡುಗನಿಗೆ ಆಗ ಬೇಕಿದ್ದದ್ದು ಟ್ರಾಲಿ ತಳ್ಳುವ ಕೈಗಳೇ. ಆದರೆ ಆ ವರ್ಷ ಮುಗಿಯುವ ಹೊತ್ತಿಗೆ ನಾನು ಎಷ್ಟು ಟ್ರಾಲಿ ತಳ್ಳಿದೆ, ಎಷ್ಟು ರೋಗಿಗಳನ್ನು ನಿಜವಾಗಿ ಪರೀಕ್ಷೆ ಮಾಡಿದೆ ಅಂತ ಲೆಕ್ಕ ಹಾಕಿದರೆ ಟ್ರಾಲಿಯೇ ಗೆಲ್ಲುತ್ತದೆ. ನನ್ನ ತಕರಾರು ಶುರುವಾಗುವುದು ಅಲ್ಲಿಂದ.

ಗೊತ್ತಿಲ್ಲದವರಿಗೆ: ಎಂಬಿಬಿಎಸ್ ಓದಿದ ಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್ ಮಾಡಬೇಕು. ಹಳಬರು ಇವತ್ತಿಗೂ ನಮ್ಮನ್ನು ‘ಹೌಸ್ ಸರ್ಜನ್’ ಅನ್ನುತ್ತಾರೆ. ಮೆಡಿಸಿನ್, ಸರ್ಜರಿ, ಹೆರಿಗೆ ವಿಭಾಗ, ಮಕ್ಕಳ ವಿಭಾಗ, ಕ್ಯಾಶುವಾಲ್ಟಿ ಹೀಗೆ ಒಂದೊಂದು ಕಡೆ ಕೆಲವು ವಾರ, ಸಮುದಾಯ ವೈದ್ಯಕೀಯ ವಿಭಾಗದಲ್ಲಿ 12 ವಾರ. ವರ್ಷಕ್ಕೆ 15 ದಿನ ರಜೆ. ಅದಕ್ಕಿಂತ ಹೆಚ್ಚಾದರೆ ಇಂಟರ್ನ್‌ಶಿಪ್ ಮುಂದಕ್ಕೆ ಹೋಗುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯಲ್ಲಿ ಇದೆಲ್ಲ ಚೆನ್ನಾಗಿ ಬರೆದಿದೆ. ಹಿರಿಯರ ಮೇಲ್ವಿಚಾರಣೆಯಲ್ಲಿ, ಕೈಯಾರೆ ಮಾಡುತ್ತ ಕಲಿಯಬೇಕು ಎಂಬುದು ಅದರ ತಿರುಳು. ವಾರ್ಡ್‌ಗೆ ಹೋದರೆ ತಿರುಳು ಬೇರೆಯೇ.

ಯೂನಿಟ್‌ನ ಅಡ್ಮಿಷನ್ ದಿನ ಬೆಳಿಗ್ಗೆ 8ಕ್ಕೆ ಒಳಗೆ ಹೋದರೆ ಹೊರಗೆ ಬರುವುದು ಮರುದಿನ ಮಧ್ಯಾಹ್ನ. ಒಪಿಡಿ, ಆಮೇಲೆ ವಾರ್ಡ್, ರಾತ್ರಿ ಕ್ಯಾಶುವಾಲ್ಟಿಯಿಂದ ಬರುವ ಹೊಸ ರೋಗಿಗಳು, ಗಂಟೆಗೊಮ್ಮೆ ಬಿಪಿ ನೋಡಬೇಕಾದವರು, ಬೆಳಗಿನ ಜಾವ ಐದಕ್ಕೆ ಇಡೀ ವಾರ್ಡಿನ ರಕ್ತ ತೆಗೆಯುವುದು, ಎಂಟರೊಳಗೆ ರಿಪೋರ್ಟ್ ಬರೆದಿಟ್ಟು ರೌಂಡ್ಸ್‌ಗೆ ನಿಲ್ಲುವುದು. ರೌಂಡ್ಸ್ ಮುಗಿದ ಮೇಲೆ ಆ ದಿನದ ಕೆಲಸ ಶುರು. ಹೆರಿಗೆ ವಿಭಾಗದಲ್ಲಿದ್ದಾಗ ನನ್ನ ಒಂದು ವಾರದ ಡ್ಯೂಟಿಯನ್ನು ಹಾಳೆಯ ಮೇಲೆ ಕೂಡಿಸಿದ್ದೆ. 30 ಗಂಟೆಯ ಡ್ಯೂಟಿ ಎರಡು, 9 ಗಂಟೆಯ ದಿನ ಎರಡು, ಭಾನುವಾರ ರೌಂಡ್ಸ್‌ಗೆ 4 ಗಂಟೆ. ಒಟ್ಟು 82. ನನಗೆ ತಿಂಗಳಿಗೆ 30 ಸಾವಿರ ರೂಪಾಯಿ ಶಿಷ್ಯವೇತನ. ಗಂಟೆಗೆ ಸುಮಾರು 85 ರೂಪಾಯಿ ಆಯಿತು. ಅದೂ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು. ಆದರೆ ಈ ಲೇಖನ ದುಡ್ಡಿನ ಬಗ್ಗೆ ಅಲ್ಲ. ನನಗಿಂತ ಕಡಿಮೆ ಪಡೆಯುವ ಗೆಳೆಯರು ಖಾಸಗಿ ಕಾಲೇಜುಗಳಲ್ಲಿದ್ದಾರೆ. ಅವರು ಬರೆಯಬೇಕಾದ ಲೇಖನ ಅದು.

ನಾನು ಬರೆಯಬೇಕಾದದ್ದು ಇಬ್ಬರು ರೇಣುಕಾರ ಬಗ್ಗೆ.

ಹೆರಿಗೆ ವಾರ್ಡಿನಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇರುವುದು ನಮ್ಮ ಭಾಗದಲ್ಲಿ ವಿಶೇಷವೇನಲ್ಲ. ಅವರಿಬ್ಬರದೂ ಅದೇ ಹೆಸರಲ್ಲ, ಇಲ್ಲಿ ಬದಲಿಸಿದ್ದೇನೆ. ಒಬ್ಬಾಕೆ 14ನೇ ಮಂಚ, ಇನ್ನೊಬ್ಬಾಕೆ 17. ಇಬ್ಬರಿಗೂ ರಕ್ತ ತೀರಾ ಕಡಿಮೆ, ಇಬ್ಬರಿಗೂ ರಕ್ತ ಕೊಡಬೇಕಿತ್ತು. ಕ್ರಾಸ್ ಮ್ಯಾಚ್ ಮಾಡಲು ಸ್ಯಾಂಪಲ್ ತೆಗೆದು ಬ್ಲಡ್ ಬ್ಯಾಂಕಿಗೆ ಕಳಿಸುವ ಕೆಲಸ ನನ್ನದು. ಆಗ ಮಧ್ಯಾಹ್ನ ಸುಮಾರು ಒಂದೂವರೆ. ಹಿಂದಿನ ದಿನ ಬೆಳಿಗ್ಗೆ 8ಕ್ಕೆ ಬಂದವಳು ನಾನು. ರಾತ್ರಿ ಮೂರರ ಹೊತ್ತಿಗೆ ಅರ್ಧ ಗಂಟೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದು ಬಿಟ್ಟರೆ ನಿದ್ದೆ ಇಲ್ಲ. ನಾಲ್ಕು ಜನರ ರಕ್ತ ತೆಗೆದೆ. ಟ್ಯೂಬುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬಂದು ಕೌಂಟರಿನ ಹತ್ತಿರ ನಿಂತು ಹೆಸರು ಬರೆದೆ.

ಹಾಗೆ ಮಾಡಬಾರದು. ಟ್ಯೂಬಿನ ಮೇಲೆ ಹೆಸರು ಬರೆಯುವುದು ರೋಗಿಯ ಮಂಚದ ಪಕ್ಕದಲ್ಲೇ, ಅವರ ಬಾಯಿಂದ ಹೆಸರು ಕೇಳಿಕೊಂಡು. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ತೆಗೆಯುತ್ತಿದ್ದೆ.

ಮುಕ್ಕಾಲು ಗಂಟೆಯ ಮೇಲೆ ಬ್ಲಡ್ ಬ್ಯಾಂಕಿನ ಟೆಕ್ನೀಷಿಯನ್ ಫೋನ್ ಮಾಡಿದರು. ‘ಮೇಡಂ, ಫಾರಂನ್ಯಾಗ ನೀವ ತಾಯಿ ಕಾರ್ಡ್ ನೋಡಿ ಓ ಪಾಸಿಟಿವ್ ಅಂತ ಬರದೀರಿ. ಟ್ಯೂಬ್‌ನ್ಯಾಗ ಬಿ ಪಾಸಿಟಿವ್ ಬರಾಕತ್ತೈತಿ. ಇನ್ನೊಮ್ಮೆ ರಕ್ತ ತಗದು ಕಳಸ್ರಿ.’ ಅಷ್ಟೇ ಹೇಳಿ ಇಟ್ಟುಬಿಟ್ಟರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ದಿನಾ ಇಂಥದ್ದನ್ನು ನೋಡುವವರ ದನಿ. ನಾನು ಮಾತ್ರ ಫೋನ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಓ ಗುಂಪಿನ ಒಂದು ಜೀವಕ್ಕೆ ಬಿ ಗುಂಪಿನ ರಕ್ತ ಹರಿದರೆ ಏನಾಗುತ್ತದೆ ಅಂತ ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತು. ರಕ್ತಕಣಗಳು ಒಡೆಯುತ್ತವೆ, ಕಿಡ್ನಿ ಕೆಲಸ ನಿಲ್ಲಿಸಬಹುದು, ಜೀವವೂ ಹೋಗಬಹುದು. 14ನೇ ಮಂಚದ ರೇಣುಕಾ ಅಷ್ಟೊತ್ತಿಗೆ ತನ್ನ ಅವ್ವನ ಹತ್ತಿರ ತಲೆ ಬಾಚಿಸಿಕೊಳ್ಳುತ್ತ ಕುಳಿತಿದ್ದಳು. ಮತ್ತೆ ಸೂಜಿ ಹಿಡಿದು ಹೋದಾಗ ‘ಈಗರ ತಗೊಂಡ್ ಹೋದ್ರೆಲ್ಲಾ ಸಿಸ್ಟರ್, ಇನ್ನೂ ಬೇಕೇನ್ರಿ?’ ಅಂದಳು. ಟ್ಯೂಬ್ ಒಡೆಯಿತು ಅಂತ ಸುಳ್ಳು ಹೇಳಿದೆ.

ಯೂನಿಟ್‌ನ ಪಿಜಿ ಚೆನ್ನಾಗಿ ಬೈದರು. ಬೈಗುಳ ನ್ಯಾಯವಾದದ್ದೇ. ಅವರೂ ನನ್ನ ಹಾಗೆ ಹಿಂದಿನ ಬೆಳಿಗ್ಗೆಯಿಂದ ನಿಂತಿದ್ದವರು. ಆದರೆ ಅವತ್ತು ಯಾರೂ ಕೇಳದ ಒಂದು ಪ್ರಶ್ನೆ ಇದೆ: ನಿದ್ದೆ ಮಾಡಿ ಎಷ್ಟು ಹೊತ್ತಾಯಿತು? ‘ಅಜಾಗರೂಕತೆ’ ಎಂಬ ಒಂದು ಶಬ್ದದಲ್ಲಿ ವಿಷಯ ಮುಗಿಯಿತು. ಎಲ್ಲೂ ದಾಖಲಾಗಲಿಲ್ಲ. ದಾಖಲಾಗಿದ್ದರೆ ನನಗೇನೋ ಶಿಕ್ಷೆ ಆಗುತ್ತಿತ್ತು ಎಂಬ ಹೆದರಿಕೆಗೆ ನಾನೂ ಸುಮ್ಮನಾದೆ. ಹೀಗೆ ಬ್ಲಡ್ ಬ್ಯಾಂಕಿನಿಂದ ವಾಪಸ್ ಬಂದ ಟ್ಯೂಬುಗಳು ವಾರಕ್ಕೆ ಎಷ್ಟು, ಅವು ಎಷ್ಟು ಗಂಟೆಗೆ ತೆಗೆದವು, ತೆಗೆದವರು ಆಗ ಎಷ್ಟನೇ ಗಂಟೆಯ ಡ್ಯೂಟಿಯಲ್ಲಿದ್ದರು ಅಂತ ಒಂದು ರಿಜಿಸ್ಟರ್ ಇಟ್ಟಿದ್ದರೆ ಆಸ್ಪತ್ರೆಗೆ ಬಹಳಷ್ಟು ತಿಳಿಯುತ್ತಿತ್ತು.

ನನ್ನ ತಪ್ಪನ್ನು ಗಡಿಯಾರದ ಮೇಲೆ ಹಾಕುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ಮಟ್ಟಿಗೆ ಹೌದು. ಹಾಕಲಿಕ್ಕೆ ಕಾರಣವೂ ಇದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಸ್ಟನ್‌ನ ಆಸ್ಪತ್ರೆಯೊಂದರ ಐಸಿಯುಗಳಲ್ಲಿ ಇಂಟರ್ನ್‌ಗಳನ್ನು ಎರಡು ಬಗೆಯ ಡ್ಯೂಟಿಗೆ ಹಾಕಿ ನೋಡಿದ್ದರು. 24 ಗಂಟೆಗಿಂತ ದೀರ್ಘವಾದ ಪಾಳಿಗಳ ಪದ್ಧತಿಯಲ್ಲಿ ಆದ ಗಂಭೀರ ತಪ್ಪುಗಳು, ಚಿಕ್ಕ ಪಾಳಿಗಳ ಪದ್ಧತಿಗಿಂತ ಶೇ 36ರಷ್ಟು ಹೆಚ್ಚು. ದಿನವಿಡೀ ನಿದ್ದೆಗೆಟ್ಟವರ ಚುರುಕುತನ ಮದ್ಯ ಕುಡಿದವರ ಮಟ್ಟಕ್ಕೆ ಇಳಿಯುತ್ತದೆ ಎಂದು ತೋರಿಸಿದ ಸಂಶೋಧನೆಗಳು ಅದಕ್ಕೂ ಹಳೆಯವು. ನಮ್ಮಲ್ಲೂ ಇದು ಗೊತ್ತಿಲ್ಲದ ಸಂಗತಿಯಲ್ಲ. 1992ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ರೆಸಿಡೆಂಟ್ ವೈದ್ಯರ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲಿ, ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದಿದೆ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ ವಾರಕ್ಕೆ 74 ಗಂಟೆ ಮೀರದಂತೆ, ವಾರಕ್ಕೊಂದು ರಜೆ ಸಿಗುವಂತೆ ನೋಡಿಕೊಳ್ಳಿ ಎಂದಿತು. 48 ಇದ್ದದ್ದು ಮೂವತ್ತೆರಡು ವರ್ಷಗಳಲ್ಲಿ 74 ಆಯಿತು, ಗಮನಿಸಿ. ಅದೂ ಶಿಫಾರಸು. ನನ್ನ 82ನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಲ್ಲ. ಹಾಜರಿ ಪುಸ್ತಕದಲ್ಲಿ ದಿನಕ್ಕೊಂದು ಸಹಿಗೆ ಮಾತ್ರ ಜಾಗ.

ಊರಿಗೆ ಹೋಗುವಾಗ ರಾತ್ರಿ ಬಸ್ಸಿನಲ್ಲಿ ಕೂತು ಒಮ್ಮೆ ಯೋಚಿಸಿದ್ದೆ. ಈ ಡ್ರೈವರ್ ನಿನ್ನೆ ಬೆಳಿಗ್ಗೆ ಎಂಟರಿಂದ ಓಡಿಸುತ್ತಿದ್ದಾರೆ ಅಂತ ಗೊತ್ತಾದರೆ ನಾನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತೇನೆ. ಅವರಿಗೆ 1961ರಲ್ಲೇ ಒಂದು ಕಾಯ್ದೆ ಬಂದಿತ್ತು, ದಿನಕ್ಕೆ 8 ಗಂಟೆ, ವಾರಕ್ಕೆ 48 ಅಂತ. ಅದು ಎಷ್ಟು ಪಾಲನೆಯಾಗುತ್ತಿತ್ತು ಎಂಬುದು ಬೇರೆ ಮಾತು. ಬಸ್ಸಿನಿಂದ ಇಳಿಯುವ ಅವಕಾಶವಾದರೂ ಪ್ರಯಾಣಿಕರಿಗಿದೆ. 14ನೇ ಮಂಚದವಳಿಗೆ ಅದೂ ಇರಲಿಲ್ಲ.

‘ನಾವೂ ಹೀಗೇ ಬಂದವರು’ ಎಂಬುದು ಹಿರಿಯರ ಉತ್ತರ. ಇದನ್ನು ಕೇಳದ ಇಂಟರ್ನ್ ಇಲ್ಲ. ಆ ಮಾತಿನಲ್ಲಿ ಪೂರ್ತಿ ಹುರುಳಿಲ್ಲ ಅನ್ನಲಾರೆ. ಒಬ್ಬ ರೋಗಿಯನ್ನು ಬಂದ ಗಳಿಗೆಯಿಂದ ಮರುದಿನದವರೆಗೆ ಬೆನ್ನಟ್ಟಿ ನೋಡಿದಾಗ ಸಿಗುವ ತಿಳಿವಳಿಕೆ ಎಂಟು ಗಂಟೆಯ ಪಾಳಿಯಲ್ಲಿ ಸಿಗುವುದಿಲ್ಲ. ಡೆಂಗಿ ಜ್ವರದ ಮಗುವೊಂದು ಸಂಜೆ ನಗುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ ಕೈಕಾಲು ತಣ್ಣಗಾಗಿ, ಫ್ಲೂಯಿಡ್ ಸರಿಯಾಗಿ ಹೋದ ಮೇಲೆ ಬೆಳಗಿನ ಜಾವ ಮತ್ತೆ ಹಾಲು ಕೇಳಿದ್ದನ್ನು ನಾನು ನೋಡಿದ್ದೇನೆ. ಆ ರಾತ್ರಿ ಕಲಿತದ್ದು ಯಾವ ಪುಸ್ತಕದಲ್ಲೂ ಸಿಗುತ್ತಿರಲಿಲ್ಲ. ಪಾಳಿ ಚಿಕ್ಕದಾದರೆ ಒಬ್ಬರಿಂದ ಒಬ್ಬರಿಗೆ ರೋಗಿಯನ್ನು ಒಪ್ಪಿಸುವುದು ಹೆಚ್ಚಾಗಿ, ಆ ಒಪ್ಪಿಸುವಿಕೆಯಲ್ಲೇ ತಪ್ಪುಗಳಾಗುತ್ತವೆ ಎಂಬ ವಾದವೂ ಸುಳ್ಳಲ್ಲ. ಆದರೆ ಒಪ್ಪಿಸುವುದನ್ನು ನಮಗೆ ಯಾರು ಕಲಿಸಿದರು? ಸಿಸ್ಟರ್‌ಗಳು ಪಾಳಿ ಬದಲಾಗುವಾಗ ಪುಸ್ತಕ ಹಿಡಿದು ಮಂಚದಿಂದ ಮಂಚಕ್ಕೆ ಹೋಗಿ ಒಪ್ಪಿಸುತ್ತಾರೆ. ನಾವು ವಾಟ್ಸ್‌ಆ್ಯಪ್‌ನಲ್ಲಿ ‘14 ಬಿಪಿ ನೋಡು, 9 ಸ್ಕ್ಯಾನ್ ಪೆಂಡಿಂಗ್’ ಅಂತ ಹಾಕಿ ಓಡುತ್ತಿದ್ದೆವು.

ಇನ್ನೊಂದು ಮಾತು. ಆ ಮೂವತ್ತು ಗಂಟೆಯೂ ನಾನು ಡೆಂಗಿ ಮಗುವಿನ ಪಕ್ಕ ಕುಳಿತಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಹೆಚ್ಚಿನ ಹೊತ್ತು ಹೋದದ್ದು ಕಾಗದಕ್ಕೆ, ಕಾಲಿಗೆ. ಲ್ಯಾಬಿಗೆ ಸ್ಯಾಂಪಲ್ ಒಯ್ಯುವುದು, ರಿಪೋರ್ಟ್ ತರುವುದು, ಬ್ಲಡ್ ಬ್ಯಾಂಕಿನ ಮುಂದೆ ಬ್ಯಾಗಿಗೆ ಕಾಯುವುದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅನುಮತಿಗೆ ರೋಗಿಯ ರೇಷನ್ ಕಾರ್ಡ್, ಆಧಾರ್ ಹಿಡಿದು ಕೌಂಟರಿಗೆ ಅಲೆಯುವುದು, ಒಂದೇ ವಿವರವನ್ನು ಕೇಸ್ ಶೀಟಿನಲ್ಲಿ, ರಿಜಿಸ್ಟರಿನಲ್ಲಿ, ಡಿಸ್ಚಾರ್ಜ್ ಕಾರ್ಡಿನಲ್ಲಿ ಮೂರು ಸಲ ಬರೆಯುವುದು. ಇವೆಲ್ಲ ಆಗಲೇಬೇಕಾದ ಕೆಲಸಗಳು. ಆದರೆ ಇದಕ್ಕೆ ಗ್ರೂಪ್ ಡಿ ನೌಕರರು, ಡೇಟಾ ಎಂಟ್ರಿ ಮಾಡುವವರು, ರಕ್ತ ತೆಗೆಯುವ ತರಬೇತಿ ಪಡೆದ ಟೆಕ್ನೀಷಿಯನ್‌ಗಳು ಬೇಕು. ಈ ಪುಟ ಓದುವವರಲ್ಲಿ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ ಮಾಡಿ ಕೆಲಸ ಹುಡುಕುತ್ತಿರುವವರು ಇರಬಹುದು. ನಿಮಗೆ ಸಿಗಬೇಕಾದ ಕೆಲಸವನ್ನು ನಾನು ಮಾಡುತ್ತಿದ್ದೆ, ನಿಮ್ಮಷ್ಟು ಚೆನ್ನಾಗಿ ಅಲ್ಲ. ಪ್ರತಿವರ್ಷ ನೂರಾರು ಇಂಟರ್ನ್‌ಗಳು ಬರುತ್ತಾರೆ, ಇಲ್ಲ ಅನ್ನಲಾರರು, ವರ್ಷ ತುಂಬಿದ ಮೇಲೆ ಹೋಗುತ್ತಾರೆ. ಹೀಗಿರುವಾಗ ಆ ಹುದ್ದೆಗಳು ಖಾಲಿ ಇವೆ ಅಂತ ಯಾರಿಗೆ ನೋಯುತ್ತದೆ?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಹುಳುಕನ್ನೂ ಹೇಳಬೇಕು. ನಮ್ಮ ಬ್ಯಾಚಿನಲ್ಲೇ ನೀಟ್ ಪಿಜಿ ಓದಬೇಕು ಅಂತ ಡ್ಯೂಟಿ ತಪ್ಪಿಸಿ ಲೈಬ್ರರಿಯಲ್ಲಿ ಕೂರುತ್ತಿದ್ದವರಿದ್ದರು. ಅವರ ಪಾಲಿನ ಕೆಲಸ ಉಳಿದವರ ಹೆಗಲಿಗೆ. ಸಿಟ್ಟು ಬರುತ್ತಿತ್ತು. ಆದರೆ ಒಂದು ಪರೀಕ್ಷೆಯ ರ್‍ಯಾಂಕಿನ ಮೇಲೆ ಮುಂದಿನ ಜೀವನ ನಿಂತಿರುವಾಗ, ಟ್ರಾಲಿ ತಳ್ಳಿದ್ದಕ್ಕೆ ಆ ಪರೀಕ್ಷೆಯಲ್ಲಿ ಅಂಕವಿಲ್ಲದಿರುವಾಗ, ಅವರ ಲೆಕ್ಕಾಚಾರ ತಪ್ಪು ಅಂತ ಎದುರಿಗೆ ನಿಂತು ಹೇಳಲು ನನಗೆ ಆಗಲಿಲ್ಲ. ಕೊನೆಯ ಎರಡು ತಿಂಗಳು ನಾನೂ ಕೋಟಿನ ಜೇಬಿನಲ್ಲಿ ನೋಟ್ಸ್ ಇಟ್ಟುಕೊಂಡೇ ತಿರುಗಿದೆ.

ರೋಗಿಗಳು ನನ್ನನ್ನು ‘ಸಿಸ್ಟರ್’ ಅಂತಲೇ ಕರೆಯುತ್ತಿದ್ದರು. ಜೊತೆಗಿದ್ದ ಗಂಡು ಇಂಟರ್ನ್ ಮಾತ್ರ ಮೊದಲ ದಿನದಿಂದಲೇ ‘ಸಾಹೇಬ್ರ’. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ನರ ಸಿಗದ ಕೈಯಲ್ಲಿ ಸೂಜಿ ಹಾಕುವುದನ್ನು ನನಗೆ ಕಲಿಸಿದವರು ಒಬ್ಬ ಹಿರಿಯ ಸಿಸ್ಟರೇ. ಅವರ ಹೆಸರಿನಿಂದ ಕರೆಸಿಕೊಳ್ಳುವುದರಲ್ಲಿ ಕಡಿಮೆಯೇನಿದೆ ಅನ್ನಿಸಿತು. ಕಷ್ಟವಾಗುತ್ತಿದ್ದದ್ದು ಬೇರೆ ಕಡೆ. ಯಾರಾದರೂ ತೀರಿಕೊಂಡಾಗ ನಿಯಮದ ಪ್ರಕಾರ ಇಂಟರ್ನ್ ಮರಣ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಆದರೆ ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಮನೆಯವರಿಗೆ ಸುದ್ದಿ ಹೇಳುವವರು ರಾತ್ರಿ ಹೊತ್ತು ಎಷ್ಟೋ ಸಲ ನಾವೇ. ಮೊದಲ ಸಲ ನಾನು ಹೇಳಿದ್ದು ಒಬ್ಬ ಅಜ್ಜನಿಗೆ, ಅವರ ಹೆಂಡತಿಯ ಬಗ್ಗೆ. ‘ಅಜ್ಜಾರ, ಭಾಳ ಪ್ರಯತ್ನ ಮಾಡಿದ್ವಿ’ ಅಂದೆ. ಮುಂದಿನ ಮಾತು ಬರಲಿಲ್ಲ. ಅವರಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀ ಊಟಾ ಮಾಡೀಯೇನವಾ?’ ಅಂತ ಕೇಳಿದರು. ಮಾಡಿರಲಿಲ್ಲ. ಮಾಡೇನಿ ಅಂದೆ.

ಎಲ್ಲರೂ ಆ ಅಜ್ಜನ ಹಾಗೆ ಇರುವುದಿಲ್ಲ, ಇರಬೇಕು ಅಂತಲೂ ಇಲ್ಲ. ತನ್ನವರನ್ನು ಕಳೆದುಕೊಂಡವರ ಮುಂದೆ ಆಸ್ಪತ್ರೆಯ ಪರವಾಗಿ ನಿಲ್ಲುವುದು ಅತಿ ಕಡಿಮೆ ಅಧಿಕಾರ ಇರುವ, ಅತಿ ಚಿಕ್ಕ ವಯಸ್ಸಿನ ಮನುಷ್ಯ. ಐಸಿಯು ಹಾಸಿಗೆ ಖಾಲಿ ಇಲ್ಲದ್ದಕ್ಕೂ ಔಷಧಿ ಹೊರಗಿನಿಂದ ತರಬೇಕಾದದ್ದಕ್ಕೂ ಬೈಗುಳ ಅವರಿಗೇ. ಒಮ್ಮೆ ನನ್ನ ಸಹಪಾಠಿಯ ಕಾಲರ್ ಹಿಡಿದಿದ್ದರು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ ಅಂತ ನಮಗೆ ಯಾರೋ ಆಮೇಲೆ ಹೇಳಿದರು. ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ಒಬ್ಬ ಸೆಕ್ಯುರಿಟಿ ಇದ್ದಿದ್ದರೆ ಕಾಯ್ದೆಯ ನೆನಪೇ ಬೇಕಾಗುತ್ತಿರಲಿಲ್ಲ.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಡ್ಯೂಟಿಯ ನಡುವೆ ಸೆಮಿನಾರ್ ಹಾಲ್‌ನಲ್ಲಿ ಮಲಗಲು ಹೋದ ಪಿಜಿ ವಿದ್ಯಾರ್ಥಿನಿಗೆ ಏನಾಯಿತು ಅಂತ ದೇಶಕ್ಕೆಲ್ಲ ಗೊತ್ತು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ನಾವಾಗ ವಿದ್ಯಾರ್ಥಿಗಳು, ಮೇಣದಬತ್ತಿ ಹಿಡಿದು ಕಾಲೇಜಿನ ಗೇಟಿನವರೆಗೆ ನಡೆದಿದ್ದೆವು. ಆಮೇಲೆ ಇಂಟರ್ನ್ ಆಗಿ ಹೋದಾಗ ಹೆರಿಗೆ ವಿಭಾಗದ ಮಹಿಳಾ ಡ್ಯೂಟಿ ಕೋಣೆಯ ಒಳಚಿಲಕ ಮುರಿದಿತ್ತು. ಒಂದು ಚಿಲಕಕ್ಕೆ ಎಷ್ಟಾಗುತ್ತದೆ? ಅರ್ಜಿ ಕೊಟ್ಟೆವು. ಇಂಜಿನಿಯರಿಂಗ್ ವಿಭಾಗಕ್ಕೆ ಹೋಗಿದೆ ಅಂದರು. ನಾವು ಕೋಣೆಯೊಳಗಿನ ಕಬ್ಬಿಣದ ಮಂಚವನ್ನೇ ಬಾಗಿಲಿಗೆ ಒತ್ತರಿಸಿ ಮಲಗುತ್ತಿದ್ದೆವು. ಯಾರಾದರೂ ಎಮರ್ಜೆನ್ಸಿ ಅಂತ ಬಾಗಿಲು ಬಡಿದರೆ ಮೊದಲು ಮಂಚ ಎಳೆಯಬೇಕು.

ಸೂಜಿ ಚುಚ್ಚಿಕೊಂಡದ್ದು ನನಗೆ ಒಂದೇ ಸಲ. ಎಚ್‌ಐವಿ ತಡೆಗೆ ಮಾತ್ರೆಯನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೋಬೇಕು ಅಂತ ಗೊತ್ತಿತ್ತು. ಅದು ರಾತ್ರಿ ಹೊತ್ತು ಯಾರ ಹತ್ತಿರ, ಯಾವ ಬೀರುವಿನಲ್ಲಿ ಸಿಗುತ್ತದೆ ಎಂಬುದು ಗೊತ್ತಿರಲಿಲ್ಲ. ರೋಗಿಯ ಪರೀಕ್ಷೆ ನೆಗೆಟಿವ್ ಬಂದು ಮಾತ್ರೆಯ ಅಗತ್ಯ ಬೀಳಲಿಲ್ಲ. ಈಗ ಆಸ್ಪತ್ರೆಗೆ ಸೇರುವವರು ಇದೊಂದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿಕೊಂಡೇ ಹೋಗಿ. ಅದನ್ನು ಯಾರೂ ನೆನಪಿಸುವುದಿಲ್ಲ.

ಡಾಕ್ಟರ್ ಆಗಬೇಡಿ ಅಂತ ನಾನು ಯಾರಿಗೂ ಹೇಳಲಾರೆ. ಸಮುದಾಯ ವೈದ್ಯಕೀಯದ ಪೋಸ್ಟಿಂಗ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ, ದಿನಕ್ಕೆ ಎಂಟು ಗಂಟೆ ಮಲಗಿ ಎದ್ದು ಬಂದ ನಾನು ಬೇರೆಯೇ ಮನುಷ್ಯಳಾಗಿದ್ದೆ. ಅಲ್ಲಿನ ವೈದ್ಯಾಧಿಕಾರಿ ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬೊಬ್ಬರನ್ನೂ ನನ್ನಿಂದಲೇ ನೋಡಿಸಿದರು. ತಪ್ಪಾದರೆ ರೋಗಿ ಹೋದ ಮೇಲೆ ಹೇಳಿದರು. ಕೆಮ್ಮು ಅಂತ ಬಂದ ಒಬ್ಬರಲ್ಲಿ ಕ್ಷಯ ಇರಬಹುದು ಅಂತ ನಾನೇ ಮೊದಲು ಹೇಳಿದೆ, ಕಫದ ಪರೀಕ್ಷೆಯಲ್ಲಿ ಅದು ನಿಜವಾಯಿತು. ಅದೇ ಕೈ, ಅದೇ ತಲೆ.

ಹಾಗಾಗಿ ನಮ್ಮ ಬೇಡಿಕೆ ‘ಕೆಲಸ ಕಡಿಮೆ ಮಾಡಿ’ ಎಂದಷ್ಟೇ ಆಗಬಾರದು. ರಾತ್ರಿ ಡ್ಯೂಟಿ ಮಾಡಿದವರು ಮರುದಿನ ಬೆಳಿಗ್ಗೆ ರೌಂಡ್ಸ್ ಮುಗಿಸಿ, ಸರಿಯಾಗಿ ಒಪ್ಪಿಸಿ, ಹತ್ತು ಗಂಟೆಗೆ ಮನೆಗೆ ಹೋಗಲಿ. ಆಮೇಲೆ ಅವರ ಕೈಗೆ ಸಿರಿಂಜು ಕೊಡಬೇಡಿ. ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಎರಡಕ್ಕೂ ಜಾಗ ಇರಲಿ. ಖಾಲಿ ಹುದ್ದೆಗಳ ಪಟ್ಟಿಯಲ್ಲಿ ನಮ್ಮನ್ನು ಸೇರಿಸಿ ಲೆಕ್ಕ ಹಾಕುವುದು ನಿಲ್ಲಲಿ. ಮುಷ್ಕರ ಆದಾಗ ಶಿಷ್ಯವೇತನ ಹೆಚ್ಚುತ್ತದೆ, ಒಳ್ಳೆಯದೇ. ಆದರೆ ಮುಷ್ಕರದ ಬೇಡಿಕೆ ಪಟ್ಟಿಯಲ್ಲಿ ನಿದ್ದೆಯನ್ನು ಮೊದಲ ಸಾಲಿಗೆ ಹಾಕಿದ್ದನ್ನು ನಾನಿನ್ನೂ ನೋಡಿಲ್ಲ. ಹಾಕಲು ನಮಗೇ ನಾಚಿಕೆ, ‘ಇಷ್ಟೂ ತಡೆಯಲಾರದವರು’ ಅನ್ನಿಸಿಕೊಳ್ಳಬೇಕಾಗುತ್ತದಲ್ಲ.

ನನ್ನ ಕೊನೆಯ ಡ್ಯೂಟಿಯ ದಿನ ಹೊಸ ಬ್ಯಾಚಿನ ಹುಡುಗಿಯೊಬ್ಬಳು ವಾರ್ಡಿಗೆ ಬಂದಿದ್ದಳು. ಇಸ್ತ್ರಿ ಮುರಿಯದ ಕೋಟು, ಜೇಬಿನಲ್ಲಿ ನಾಲ್ಕು ಪೆನ್ನು. ‘ಅಕ್ಕಾ, ಏನೇನು ನೆನಪಿಟ್ಟುಕೋಬೇಕು?’ ಅಂತ ಕೇಳಿದಳು. ಅವಳನ್ನು 14ನೇ ಮಂಚದ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಬೇರೆ ಯಾರೋ ಮಲಗಿದ್ದರು. ಟ್ಯೂಬಿನ ಮೇಲೆ ಹೆಸರು ಇಲ್ಲೇ ನಿಂತು ಬರೀಬೇಕು, ಕೌಂಟರಿಗೆ ಹೋಗಿ ಅಲ್ಲ, ಎಷ್ಟೇ ಅರ್ಜೆಂಟ್ ಇದ್ದರೂ, ಅಂದೆ. ಯಾಕೆ ಅಂತಲೂ ಹೇಳಿದೆ, ಅವತ್ತು ನಾನು ಎಷ್ಟನೇ ಗಂಟೆಯಲ್ಲಿದ್ದೆ ಎಂಬುದನ್ನೂ ಸೇರಿಸಿ. ಆಮೇಲೆ ಡ್ಯೂಟಿ ಕೋಣೆ ತೋರಿಸಿದೆ. ಚಿಲಕ ಇನ್ನೂ ಹಾಕಿರಲಿಲ್ಲ. ಮಂಚ ಹೇಗೆ ಎಳೆಯಬೇಕು ಅಂತ ಇಬ್ಬರೂ ಸೇರಿ ಎಳೆದು ನೋಡಿದೆವು.